ಅಪ್‌ಡೇಟ್: ಬೆಳಗಿನ ಮಿಸ್‌ಫೈರ್‌ಗೆ ಕಾರಣ ಸಿಕ್ಕಿತು

ಚಿಕ್ಕಮಗಳೂರಿನ ಚಳಿಯಲ್ಲಿ ಬೆಳಗ್ಗೆ ಸ್ಟಾರ್ಟ್ ಮಾಡಿದರೆ ನನ್ನ ಪೆಟ್ರೋಲ್ ಕಾರು ಮೂರ್ನಾಲ್ಕು ನಿಮಿಷ ಗಡಗಡ ನಡುಗುತ್ತದೆ, ಬಿಸಿಯಾದರೆ ಸರಿಹೋಗುತ್ತದೆ, ಸ್ಕ್ಯಾನರ್ ಪಿ0303 ತೋರಿಸುತ್ತದೆ, ಅಂದರೆ ಮೂರನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್ (ಇಂಧನ ಸರಿಯಾಗಿ ಉರಿಯದಿರುವುದು) ಎಂದು ಹನ್ನೆರಡು ದಿನಗಳ ಹಿಂದೆ ಇಲ್ಲಿ ಬರೆದು ಸಲಹೆ ಕೇಳಿದ್ದೆ. ಈಗ ಸರಿಯಾಗಿದೆ.

ಹೆಚ್ಚಿನವರು ಹೇಳಿದಂತೆ ನಾಲ್ಕೂ ಸ್ಪಾರ್ಕ್ ಪ್ಲಗ್ ಬದಲಿಸಿದೆ, ಪ್ರಯೋಜನವಾಗಲಿಲ್ಲ. ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಕಾಯಿಲ್‌ಗಳಲ್ಲಿ ಒಂದನೆಯದನ್ನೂ ಮೂರನೆಯದನ್ನೂ ಅದಲುಬದಲು ಮಾಡಿದರೂ ದೋಷ ಮೂರರಲ್ಲೇ ಉಳಿಯಿತು. ಅಂದರೆ ಕಾಯಿಲ್ ಕೆಟ್ಟಿರಲಿಲ್ಲ, ಹಾಗಾಗಿ ಹೊಸ ಕಾಯಿಲ್‌ನ ಖರ್ಚಾದರೂ ತಪ್ಪಿತು. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಶುಚಿಗೊಳಿಸಿದ್ದರಿಂದಲೂ ಏನೂ ಆಗಲಿಲ್ಲ.

ಫಲಿಸಿದ್ದು ಇನ್‌ಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ (ಸಿಲಿಂಡರ್‌ಗಳಿಗೆ ಗಾಳಿ ಒಯ್ಯುವ ಕೊಳವೆಗಳು ಎಂಜಿನ್‌ಗೆ ಸೇರುವಲ್ಲಿ ಸೋರದಂತೆ ಕೂರಿಸುವ ರಬ್ಬರ್ ಸೀಲು) ನೋಡಿ ಎಂದವರ ಸಲಹೆ. ಅವರಿಗೆ ಮನಸಾರೆ ಕೃತಜ್ಞತೆ. ಹಿಂದೊಮ್ಮೆ ಬಿಸಿ ಎಂಜಿನ್‌ನಲ್ಲಿ ಪರೀಕ್ಷಿಸಿದಾಗ ಏನೂ ಕಂಡಿರಲಿಲ್ಲ. ಈ ಸಲ ಕಾರನ್ನು ರಾತ್ರಿಯಿಡೀ ಗ್ಯಾರೇಜಿನಲ್ಲೇ ಬಿಟ್ಟು, ಸ್ಟಾರ್ಟ್ ಮಾಡುವ ಮೊದಲೇ ಹೊಗೆ ಪರೀಕ್ಷೆ (ಆ ಕೊಳವೆಗಳೊಳಗೆ ಹೊಗೆ ತುಂಬಿ ಎಲ್ಲಿ ಸೋರುತ್ತದೆಂದು ನೋಡುವುದು) ಮಾಡಿಸಿದೆ. ಮೂರನೇ ಸಿಲಿಂಡರಿಗೆ ಗಾಳಿ ಹೋಗುವ ಪೋರ್ಟಿನ ಅಂಚಿನಿಂದ ಊದುಬತ್ತಿಯಂತೆ ತೆಳ್ಳನೆಯ ಒಂದೇ ಎಳೆ ಹೊಗೆ ಮೇಲೆದ್ದಿತು! ಬಿಚ್ಚಿ ನೋಡಿದರೆ ಅಲ್ಲಿನ ರಬ್ಬರ್ ಚಪ್ಪಟೆಯಾಗಿ, ಉಗುರಿನಿಂದ ಒತ್ತಿದರೂ ತಗ್ಗದಷ್ಟು ಗಟ್ಟಿಯಾಗಿತ್ತು.

ನನಗೆ ಅಚ್ಚರಿಯೆನಿಸಿದ್ದು ಬಿಸಿಯಾದ ಮೇಲೆ ಸರಿಹೋಗುತ್ತಿದ್ದ ಕಾರಣ. ಭಾಗಗಳು ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ. ಜೊತೆಗೆ, ತಣ್ಣಗಿರುವಾಗ ಎಂಜಿನ್ ಕಂಪ್ಯೂಟರ್ (ಎಂಜಿನ್ ಹೊರಬಿಡುವ ಹೊಗೆಯಲ್ಲಿನ ಆಮ್ಲಜನಕ ಅಳೆಯುವ) ಆಕ್ಸಿಜನ್ ಸೆನ್ಸರ್‌ನ ಮಾತು ಕೇಳದೆ ನಿಗದಿತ ಲೆಕ್ಕದಂತೆ ಇಂಧನ ಕೊಡುತ್ತದೆ. ಹಾಗಾಗಿ ಕದ್ದು ನುಗ್ಗಿದ ಗಾಳಿಗೆ ತಕ್ಕ ಪೆಟ್ರೋಲ್ ಸಿಗುವುದಿಲ್ಲ. ಸೆನ್ಸರ್ ಬಿಸಿಯಾದ ಮೇಲೆ ಕಂಪ್ಯೂಟರ್ ಅದನ್ನು ಸರಿದೂಗಿಸುತ್ತದೆ.

ಹೊಸ ಗ್ಯಾಸ್ಕೆಟ್ ಹಾಕಿಸಿ ಐದು ದಿನಗಳಾದವು. ಇಂದು ಬೆಳಗ್ಗೆ ಆರಕ್ಕೆ ಮಂಜಿನಲ್ಲೇ ಸ್ಟಾರ್ಟ್ ಮಾಡಿ ಕೈಮರದವರೆಗೆ ಹೋಗಿಬಂದೆ, ಒಮ್ಮೆಯೂ ನಡುಗಲಿಲ್ಲ.