ಸಹಾಯ ಬೇಕು: ತಂತಿಯಲ್ಲಿ ಶಕ್ತಿಯನ್ನು ಹೊತ್ತು ತರುವುದು ಯಾವುದು?

ಮನೆಯ ತಾಮ್ರದ ತಂತಿಯಲ್ಲಿ ಎಲೆಕ್ಟ್ರಾನುಗಳು ಸೆಕೆಂಡಿಗೆ ಒಂದು ಮಿಲಿಮೀಟರಿಗಿಂತಲೂ ನಿಧಾನವಾಗಿ ತೆವಳುತ್ತವೆ. ಸ್ವಿಚ್ ಒತ್ತಿದರೆ ದೀಪ ಮಾತ್ರ ಆ ಕ್ಷಣವೇ ಬೆಳಗುತ್ತದೆ. ನೀರು ತುಂಬಿದ ಕೊಳವೆಯಲ್ಲಿ ಒತ್ತಡ ಬೇಗ ತಲುಪುವಂತೆ ಎಂದುಕೊಂಡು ಇಷ್ಟನ್ನು ಒಪ್ಪಿಕೊಂಡೆ. ತಲೆ ಕೆಡಿಸಿರುವುದು ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಪರ್ಯಾಯ ವಿದ್ಯುತ್. 50 ಹರ್ಟ್ಸ್‌ನಲ್ಲಿ ಎಲೆಕ್ಟ್ರಾನು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಲಾಡುತ್ತದೆಯೇ ಹೊರತು ಎಲ್ಲಿಗೂ ಹೋಗುವುದಿಲ್ಲ. ಹಾಗಾದರೆ ದೀಪಕ್ಕೆ ಶಕ್ತಿ ಬರುವುದು ಹೇಗೆ?

ತಂತಿಯ ಸುತ್ತಲಿನ ವಿದ್ಯುತ್ ಮತ್ತು ಕಾಂತಕ್ಷೇತ್ರಗಳ ಮೂಲಕ ಶಕ್ತಿ ಸಾಗುತ್ತದೆಂದು ಭೌತವಿಜ್ಞಾನಿ ಜಾನ್ ಪಾಯಿಂಟಿಂಗ್ 1884ರಲ್ಲೇ ತೋರಿಸಿದ್ದಾರೆ. ಸರಿ, ಶಕ್ತಿ ಹೊರಗೇ ಸಾಗುವುದಾದರೆ ತಂತಿ ದಪ್ಪವಾದಷ್ಟೂ ನಷ್ಟ ತಗ್ಗುವುದೇಕೆ? ನನಗೆ ಬೇಕಿರುವುದು ಈ ಎರಡನ್ನೂ ಜೋಡಿಸುವ ವಿವರಣೆ. ಸಮೀಕರಣಗಳಿದ್ದರೂ ಪರವಾಗಿಲ್ಲ, ‘ಅದು ಹಾಗೆಯೇ’ ಎಂಬ ಉತ್ತರ ಮಾತ್ರ ದಯವಿಟ್ಟು ಬೇಡ.