ಸಹಾಯ ಬೇಕು: ಅಲ್ಸಾಸ್ ವೈನ್ ಸೀಮೆಯಲ್ಲಿ ಎಲ್ಲಿ ಉಳಿದುಕೊಳ್ಳುವುದು?

ಎಲ್ಲರಿಗೂ ನಮಸ್ಕಾರ. ದ್ರಾಕ್ಷಿ ಕೊಯ್ಲಿನ ಹೊತ್ತಿಗೆ, ಸೆಪ್ಟೆಂಬರ್ ಕೊನೆಯಲ್ಲಿ, ನಾನು, ನನ್ನ ಹೆಂಡತಿ, ಅತ್ತೆ ಫ್ರಾನ್ಸ್‌ನ ಅಲ್ಸಾಸ್‌ಗೆ ಹೋಗುತ್ತಿದ್ದೇವೆ. ದ್ರಾಕ್ಷಿ ತೋಟದ ಊರುಗಳನ್ನು ಹಾದುಹೋಗುವ ಅಲ್ಲಿನ ವೈನ್ ರಸ್ತೆ ಸುಮಾರು 170 ಕಿಲೋಮೀಟರ್ ಉದ್ದ. ಎಲ್ಲಿ ರೂಮ್ ಮಾಡುವುದು ಅನ್ನೋದೇ ತೀರ್ಮಾನವಾಗುತ್ತಿಲ್ಲ.

ಕೋಲ್ಮಾರ್ ಪಟ್ಟಣದಲ್ಲಿ ಉಳಿದರೆ ಓಡಾಟ ಸುಲಭ. ದೊಡ್ಡ ನಗರ ಸ್ಟ್ರಾಸ್‌ಬರ್ಗ್‌ಗೆ ರೈಲಿನಲ್ಲಿ ಅರ್ಧ ಗಂಟೆ ಅಷ್ಟೇ. ಆದರೆ ಬೆಳಿಗ್ಗೆ ಎದ್ದು ಕಿಟಕಿ ತೆಗೆದರೆ ದ್ರಾಕ್ಷಿ ತೋಟವೇ ಕಾಣಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ಹಾಗಾಗಿ ರಿಕ್ವಿರ್ ಅಥವಾ ಎಗಿಸೈಮ್ ಹಳ್ಳಿಗಳ ಕಡೆ ಮನಸ್ಸು ಎಳೆಯುತ್ತಿದೆ. ಎಗಿಸೈಮ್‌ನ ಬೀದಿಗಳು ಊರಿನ ನಡುವಿನ ಕೋಟೆಯ ಸುತ್ತಲೇ ಸುತ್ತು ಹಾಕುತ್ತವಂತೆ. ಸಂಜೆ ಅಲ್ಲಿ ಸುಮ್ನೆ ನಡೆದಾಡಿದರೂ ಸಾಕು ನನಗೆ!

ಚಿಂತೆ ಇರುವುದು ಅತ್ತೆಯ ಮಂಡಿನೋವಿನದು. ಹಳೇ ಮರದ ಮನೆಗಳಲ್ಲಿ ಕಡಿದಾದ ಮೆಟ್ಟಿಲು, ಬೀದಿ ತುಂಬ ಕಲ್ಲುಹಾಸು. ನೆಲಮಹಡಿಯಲ್ಲೇ ರೂಮ್ ಸಿಗುತ್ತದಾ? ವೈನ್ ಮಾಡುವ ಮನೆಯವರೇ ಕೊಡುವ ರೂಮ್‌ಗಳಲ್ಲಿ ಯಾರಾದರೂ ಉಳಿದಿದ್ದೀರಾ? ಕೊಯ್ಲಿನ ಗಡಿಬಿಡಿಯಲ್ಲಿ ಅವರಿಗೆ ಅತಿಥಿಗಳ ಜೊತೆ ಮಾತಾಡಲು ಪುರುಸೊತ್ತು ಇರುತ್ತದಾ?

ಇನ್ನೊಂದು ವಿಷಯ, ಕಾರು ಓಡಿಸುವುದು ನಾನೊಬ್ಬನೇ. ಅಲ್ಲಿ ಲೀಟರ್ ರಕ್ತಕ್ಕೆ 0.5 ಗ್ರಾಂ ಮದ್ಯಸಾರ ಮುಟ್ಟಿದರೇ ಅಪರಾಧ. ಅದಕ್ಕೇ ನಡೆದು ಹೋಗುವಷ್ಟು ಹತ್ತಿರದಲ್ಲಿ ವೈನ್ ರುಚಿ ನೋಡುವ ಜಾಗ ಇರುವ ಊರು ಯಾವುದು, ದಯವಿಟ್ಟು ತಿಳಿಸಿ. ಬುಕಿಂಗ್ ಈ ವಾರವೇ ಮಾಡಬೇಕು.