ಜರ್ಮನಿಗೆ ಹೋದ ಮಕ್ಕಳ ಮೊದಲ ವಾರ: ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ಅಕ್ಟೋಬರ್‌ಗೆ ಹಾಸನ, ಚಿಕ್ಕಮಗಳೂರು ಕಡೆಯಿಂದ ಜರ್ಮನಿಗೆ ಓದಲು ಹೋದ ಮಕ್ಕಳ ಮನೆಯವರಿಗಾಗಿ ಹಾಸನದ ನಮ್ಮ ಫಿಸಿಷಿಯನ್ ಡಾಕ್ಟರ್ ಇವತ್ತು ಸಂಜೆ 4ರಿಂದ 6ರವರೆಗೆ ಗ್ರೂಪಿನಲ್ಲಿ ಇರುತ್ತಾರೆ. ಆರೋಗ್ಯದ ಪ್ರಶ್ನೆ ಮಾತ್ರ ಕೇಳಿ.

ಬೇಲೂರಿನ ತಂದೆ: ಸರ್, ಮಗ ಗುರುವಾರ ಹೊರಡುತ್ತಾನೆ. ಥೈರಾಯ್ಡ್ ಮಾತ್ರೆ ಎಷ್ಟು ಕಳಿಸಬಹುದು?

ಡಾಕ್ಟರ್: ಮೂರು ತಿಂಗಳಿಗೆ ಆಗುವಷ್ಟು. ಚೀಟಿಯಲ್ಲಿ ಕಂಪನಿ ಹೆಸರು ಬೇಡ, ಔಷಧಿಯ ಮೂಲ ಹೆಸರು ಬರೆಸಿ. ಲೆವೊಥೈರಾಕ್ಸಿನ್, ಇಷ್ಟು ಮೈಕ್ರೋಗ್ರಾಂ ಅಂತ. ಮಾತ್ರೆ ಕೈಚೀಲದಲ್ಲೇ ಇರಲಿ. ನಮ್ಮ ಕಡೆಯ ಹುಡುಗರಿಗೆ ಎದ್ದ ಕೂಡಲೇ ಕಾಫಿ ಬೇಕು. ಮಾತ್ರೆ ನುಂಗಿ ಅರ್ಧದಿಂದ ಒಂದು ಗಂಟೆ ಬಿಟ್ಟು ಕುಡಿಯಲಿ. ಜೊತೆಗೇ ಕುಡಿದರೆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಚಿಕ್ಕಮಗಳೂರಿನ ತಾಯಿ: ಮನೆಯ ತುಪ್ಪ ಕಳಿಸಬಹುದಾ ಡಾಕ್ಟ್ರೇ? ಚಳಿಗೆ ಒಳ್ಳೆಯದಲ್ವಾ?

ಡಾಕ್ಟರ್: ಹಾಲಿನ ಪದಾರ್ಥ, ಮಾಂಸ ಎರಡನ್ನೂ ಹೊರಗಿನಿಂದ ಯುರೋಪಿಯನ್ ಒಕ್ಕೂಟದೊಳಗೆ ಒಯ್ಯುವ ಹಾಗಿಲ್ಲ. ತುಪ್ಪವೂ ಸೇರಿತು.

ಕಡೂರಿನ ಚಿಕ್ಕಪ್ಪ: ನಮ್ಮ ಹುಡುಗ ಹೋದ ವರ್ಷ ಒಂದು ಕೆಜಿ ಒಯ್ದ. ಯಾರೂ ಕೇಳಲಿಲ್ಲ.

ಬೇಲೂರಿನ ತಂದೆ: ಕೇಳಿದ್ದರೆ ಕಸದ ಬುಟ್ಟಿಗೆ ಹೋಗುತ್ತಿತ್ತು. ಸುಮ್ನೆ ಬೇರೆಯವರ ಮಕ್ಕಳನ್ನು ಯಾಕೆ ಸಿಕ್ಕಿಸುತ್ತೀರಿ?

ವಿದ್ಯಾರ್ಥಿ, ಜರ್ಮನಿಯಿಂದ: ಸರ್, ಬಂದು ನಾಲ್ಕು ದಿನ ಆಯಿತು. ರಾತ್ರಿ 3 ಗಂಟೆಗೆ ಎಚ್ಚರ ಆಗುತ್ತದೆ.

ಡಾಕ್ಟರ್: ಅಲ್ಲಿನ 3 ಅಂದರೆ ಇಲ್ಲಿನ ಬೆಳಗ್ಗೆ 6:30. ದೇಹ ಇನ್ನೂ ಹಾಸನದಲ್ಲೇ ಇದೆ. ಬೆಳಗಿನ ಬೆಳಕಿಗೆ ಹೊರಗೆ ನಡೆಯಿರಿ, ಮಧ್ಯಾಹ್ನ ಮಲಗಬೇಡಿ. ವಾರದಲ್ಲಿ ಸರಿಹೋಗುತ್ತದೆ.

ಸಕಲೇಶಪುರದ ತಾಯಿ: ಡಾಕ್ಟ್ರೇ, ಮಗಳು ಕೆಮ್ನಿಟ್ಸ್ ಅನ್ನುವ ಊರಿಗೆ ಹೋಗಿ ಆರು ದಿನ. ಎರಡು ದಿನದಿಂದ ಎಡಗಾಲಿನ ಮೀನಖಂಡ ನೋವು. ನಾಲ್ಕನೇ ಮಹಡಿಯಲ್ಲಿ ರೂಮು, ಲಿಫ್ಟ್ ಇಲ್ಲ, ಸೂಟ್‌ಕೇಸ್ ತಾನೇ ಹೊತ್ತಳಂತೆ. ವಿಳಾಸ ನೋಂದಣಿ, ಬ್ಯಾಂಕು, ಯೂನಿವರ್ಸಿಟಿ ಅಂತ ದಿನವಿಡೀ ಓಡಾಟ. ಅದಕ್ಕೇ ಇರಬೇಕು ಅಂದುಕೊಂಡೆವು. ಯಾವ ಮುಲಾಮು ಹಚ್ಚಲಿ?

ಆಲೂರಿನ ಸದಸ್ಯೆ: ಬಂದದ್ದನ್ನು ಕಳಿಸುತ್ತಿದ್ದೇನೆ: "ಕಾಲು ನೋವಿಗೆ ಹರಳೆಣ್ಣೆ ಬಿಸಿ ಮಾಡಿ ಮಂಡಿಯಿಂದ ಪಾದದವರೆಗೆ ಗಟ್ಟಿಯಾಗಿ ತಿಕ್ಕಿ. ಮೇಲೆ ಬಿಸಿನೀರಿನ ಶಾಖ ಕೊಡಿ. ರಾತ್ರಿ ಬೆಳ್ಳುಳ್ಳಿ ಹಾಲು. ಮೂರೇ ದಿನದಲ್ಲಿ ಗುಣ. ಹತ್ತು ಜನಕ್ಕೆ ಕಳಿಸಿ."

ಡಾಕ್ಟರ್: ತಿಕ್ಕಬೇಡಿ. ಸಕಲೇಶಪುರದ ತಾಯಿ, ಮೊದಲು ಇದಕ್ಕೆ ಉತ್ತರ ಕೊಡಿ. ಒಂದೇ ಕಾಲಾ? ಊದಿದೆಯಾ? ಉಸಿರಾಟ ಹೇಗಿದೆ? ಯಾವುದಾದರೂ ಮಾತ್ರೆ ನಡೆಯುತ್ತಿದೆಯಾ?

ಸಕಲೇಶಪುರದ ತಾಯಿ: ಎಡಗಾಲು ಮಾತ್ರ. ವಿಡಿಯೋದಲ್ಲಿ ತೋರಿಸಿದಳು. ಎಡಗಾಲಿನಲ್ಲಿ ಸಾಕ್ಸ್ ಪಟ್ಟಿಯ ಅಚ್ಚು ಆಳವಾಗಿ ಬಿದ್ದಿದೆ, ಬಲಗಾಲಿನಲ್ಲಿ ಗುರುತೇ ಇಲ್ಲ. ಮುಟ್ಟಿದರೆ ಬಿಸಿ ಅನ್ನುತ್ತಾಳೆ. ಉಸಿರಾಟ ಸರಿಯಾಗಿದೆ. ಪಿಸಿಓಡಿ, ಅದೇ ಮುಟ್ಟು ಏರುಪೇರಾಗುವ ಅಂಡಾಶಯದ ತೊಂದರೆ, ಅಂತ ಎರಡು ತಿಂಗಳಿಂದ ಹಾರ್ಮೋನ್ ಮಾತ್ರೆ ತಗೊಳ್ಳುತ್ತಿದ್ದಾಳೆ.

ಡಾಕ್ಟರ್: ಮುಲಾಮು ಬೇಡ. ಇವತ್ತೇ, ಈಗಲೇ ಅವಳು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಯಾಕೆ ಅಂತ ಹೇಳುತ್ತೇನೆ.

ಸಕಲೇಶಪುರದಿಂದ ದೇವನಹಳ್ಳಿ ಏರ್‌ಪೋರ್ಟಿಗೆ ಐದಾರು ಗಂಟೆ ಕಾರು. ಅಲ್ಲಿ ಮೂರು ಗಂಟೆ ಕಾಯುವುದು. ಫ್ರಾಂಕ್‌ಫರ್ಟಿಗೆ ನೇರ ವಿಮಾನವಾದರೂ ಸುಮಾರು ಹತ್ತು ಗಂಟೆ. ಆಮೇಲೆ ಮತ್ತೆ ಐದಾರು ಗಂಟೆ ರೈಲು. ಮಗು ಒಂದು ದಿನಪೂರ್ತಿ ಕಾಲು ಮಡಿಸಿಕೊಂಡೇ ಕೂತಿದೆ. ಹಾಗೆ ಕೂತಾಗ ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ನಿಧಾನವಾಗುತ್ತದೆ, ಕೆಲವರಿಗೆ ಹೆಪ್ಪುಗಟ್ಟುತ್ತದೆ. ಈಸ್ಟ್ರೋಜನ್ ಇರುವ ಹಾರ್ಮೋನ್ ಮಾತ್ರೆ ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುತ್ತದೆ, ಅದರಲ್ಲೂ ಶುರು ಮಾಡಿದ ಮೊದಲ ತಿಂಗಳುಗಳಲ್ಲಿ. ವಯಸ್ಸು ಚಿಕ್ಕದು ಅಂತ ಬಿಡುವ ಹಾಗಿಲ್ಲ. ನಡೆದು ಬಂದ ನೋವಾದರೆ ಸಾಮಾನ್ಯವಾಗಿ ಎರಡೂ ಕಾಲಿಗೆ ಬರುತ್ತದೆ. ಒಂದೇ ಕಾಲು ಊದಿ ಬಿಸಿಯಾಗಿದ್ದರೆ ನನಗೆ ಭಯ.

ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ತಿಕ್ಕಿದರೆ ಅದೇ ಆಗಬಹುದು. ಏದುಸಿರು, ಎದೆನೋವು, ಕೆಮ್ಮಿನಲ್ಲಿ ರಕ್ತ, ತಲೆಸುತ್ತು ಇವುಗಳಲ್ಲಿ ಒಂದು ಬಂದರೂ 112ಕ್ಕೆ ಕರೆ ಮಾಡಲಿ. ಏನೂ ಇಲ್ಲದಿದ್ದರೂ ಇವತ್ತೇ ಹೋಗಲಿ. ಎಲ್ಲಿಗೆ ಹೋಗುವುದು ತಿಳಿಯದಿದ್ದರೆ ಅಲ್ಲಿನ ವೈದ್ಯಕೀಯ ಸಹಾಯವಾಣಿ 116117. ಭಾನುವಾರವೂ ಎತ್ತುತ್ತಾರೆ. ಅಲ್ಲಿ ಮೂರು ಮಾತು ಹೇಳಿದರೆ ಸಾಕು: ದೂರದ ವಿಮಾನ, ಹಾರ್ಮೋನ್ ಮಾತ್ರೆ, ಒಂದೇ ಕಾಲು ಊತ. ಕಾಲಿನ ಡಾಪ್ಲರ್ ಸ್ಕ್ಯಾನ್, ಅಂದರೆ ನಾಳದಲ್ಲಿ ರಕ್ತ ಹರಿಯುವುದನ್ನು ನೋಡುವ ಸ್ಕ್ಯಾನ್, ಮಾಡುತ್ತಾರೆ. ಮಾತ್ರೆಯ ಡಬ್ಬಿ ಜೊತೆಗೆ ಒಯ್ಯಲಿ.

ಅರಕಲಗೂಡಿನ ಸದಸ್ಯ: ಹೆಣ್ಣುಮಗಳ ವಿಷಯ ಇಷ್ಟು ಜನರ ಮುಂದೆ ಮಾತಾಡುವುದು ಸರಿಯಾ?

ಡಾಕ್ಟರ್: ಹೆಸರು ಯಾರೂ ಹೇಳಿಲ್ಲ. ನಾಚಿಕೆಗೆ ಮಾತ್ರೆಯ ವಿಷಯ ಮುಚ್ಚಿಟ್ಟಿದ್ದರೆ ನಾನೂ ಮುಲಾಮು ಬರೆದುಬಿಡುತ್ತಿದ್ದೆನೋ ಏನೋ.

ಕಡೂರಿನ ಚಿಕ್ಕಪ್ಪ: ಅಲ್ಲಿ ಆಂಬುಲೆನ್ಸ್ ಕರೆದರೆ ಲಕ್ಷಗಟ್ಟಲೆ ಬಿಲ್ಲು. ಯೋಚನೆ ಮಾಡಿ.

ವಿದ್ಯಾರ್ಥಿ, ಜರ್ಮನಿಯಿಂದ: ಗೊತ್ತಿಲ್ಲದೆ ಹೆದರಿಸಬೇಡಿ ಅಂಕಲ್. ಸರಕಾರಿ ಇನ್ಶೂರೆನ್ಸ್ ಇದ್ದರೆ ತುರ್ತು ಚಿಕಿತ್ಸೆ ಅದರಲ್ಲೇ ಬರುತ್ತದೆ. ಕಾರ್ಡ್ ಪೋಸ್ಟಿನಲ್ಲಿ ಬರುವವರೆಗೆ ಅವರು ಕೊಟ್ಟ ಪತ್ರ ತೋರಿಸಿದರೆ ಆಯಿತು. ಆಂಟಿ, ಕೆಮ್ನಿಟ್ಸ್‌ನಲ್ಲಿ ನಮ್ಮ ಕಾಲೇಜಿನ ಸೀನಿಯರ್ ಅಕ್ಕ ಇದ್ದಾರೆ. ಜೊತೆಗೆ ಕಳಿಸುತ್ತೇನೆ. ನನಗೆ ಖಾಸಗಿಯಾಗಿ ಮೆಸೇಜ್ ಮಾಡಿ.

ಕಡೂರಿನ ಚಿಕ್ಕಪ್ಪ: ಹೋಗಿ ನಾಲ್ಕು ದಿನಕ್ಕೆ ದೊಡ್ಡವರಿಗೆ ಬುದ್ಧಿ ಹೇಳುವಷ್ಟಾಯಿತು. ಹಾಸನದಲ್ಲೇ ಇಂಜಿನಿಯರಿಂಗ್ ಕಾಲೇಜುಗಳಿಲ್ವಾ?

ಬೇಲೂರಿನ ತಂದೆ: ಈಗ ಅದಾ ಮಾತು?

ಆಲೂರಿನ ಸದಸ್ಯೆ: ಎಣ್ಣೆ ತಿಕ್ಕಿ ಯಾರು ಸತ್ತಿದ್ದಾರೆ ಡಾಕ್ಟ್ರೇ? ನಮ್ಮ ಅಜ್ಜಿಯರು ಮಾಡಿದ್ದೆಲ್ಲ ತಪ್ಪಾ?

ಡಾಕ್ಟರ್: ನಿಮ್ಮ ಅಜ್ಜಿ ಕಾಲನ್ನು ಕಣ್ಣಾರೆ ನೋಡಿ, ಮುಟ್ಟಿ ಎಣ್ಣೆ ಹಚ್ಚುತ್ತಿದ್ದರು. ನೀವು ಯಾರೋ ಬರೆದದ್ದನ್ನು ಕಾಣದ ಊರಿನ ಕಾಲಿಗೆ ಕಳಿಸಿದ್ದೀರಿ. ದಯವಿಟ್ಟು ಅಳಿಸಿ. ಆ ಹುಡುಗಿ ಓದಿ ತಿಕ್ಕಿಕೊಂಡರೆ ಏನು ಮಾಡುತ್ತೀರಿ?

ಹೊಳೆನರಸೀಪುರದ ತಾಯಿ: ಜ್ವರಕ್ಕೆ ಆಂಟಿಬಯೋಟಿಕ್ ಕಳಿಸಲಾ? ಅಲ್ಲಿ ಚೀಟಿ ಇಲ್ಲದೆ ಕೊಡುವುದಿಲ್ಲವಂತೆ.

ಡಾಕ್ಟರ್: ಚೀಟಿ ಇಲ್ಲದೆ ತಿನ್ನಬಾರದು ಅಂತಲೇ ಕೊಡುವುದಿಲ್ಲ. ಪ್ಯಾರಸಿಟಮಾಲ್ ಸಾಕು.

ಅರಸೀಕೆರೆಯ ತಾಯಿ: ಅಲ್ಲಿನ ನೀರಿಗೆ ಕೂದಲು ಉದುರುತ್ತದಾ?

ತರೀಕೆರೆಯ ಸದಸ್ಯೆ: ಡಾಕ್ಟ್ರೇ, ತುಪ್ಪ ಕಳಿಸಬಹುದಾ?

ಡಾಕ್ಟರ್: ಮೇಲೆ ಓದಿ.

ಬೇಲೂರಿನ ತಂದೆ: ಹಾಗಾದರೆ ಗುರುವಾರ ಹೊರಡುವ ನನ್ನ ಮಗ ಏನು ಮಾಡಬೇಕು ಸರ್?

ಡಾಕ್ಟರ್: ಓಡಾಡುವ ದಾರಿಯ ಪಕ್ಕದ ಸೀಟು ಹಿಡಿಯಲಿ. ಗಂಟೆಗೊಮ್ಮೆ ಎದ್ದು ನಡೆಯಲಿ. ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಲಿ. ಸಕಲೇಶಪುರದವರು ಎಲ್ಲಿ? ಹೊರಟಳಾ?

ಸಕಲೇಶಪುರದ ತಾಯಿ: ಟ್ಯಾಕ್ಸಿಯಲ್ಲಿ ಹೊರಟಳು. ಆ ಅಕ್ಕನೂ ಜೊತೆಗಿದ್ದಾಳೆ.

ಡಾಕ್ಟರ್: ಒಳ್ಳೆಯದು. ಎಷ್ಟು ಹೊತ್ತಾದರೂ ಇಲ್ಲಿ ಹಾಕಿ. ನಾನು ನೋಡುತ್ತಿರುತ್ತೇನೆ.

ಸಕಲೇಶಪುರದ ತಾಯಿ, ರಾತ್ರಿ 11:20: ಸ್ಕ್ಯಾನ್ ಆಯಿತು. ಮೀನಖಂಡದ ಒಳಗಿನ ನಾಳದಲ್ಲಿ ಹೆಪ್ಪು ಇದೆಯಂತೆ. ರಕ್ತ ತೆಳುವಾಗುವ ಔಷಧಿ ಶುರು ಮಾಡಿದ್ದಾರೆ. ಹಾರ್ಮೋನ್ ಮಾತ್ರೆ ನಿಲ್ಲಿಸಿದ್ದಾರೆ. ಮನೆಯಲ್ಲಿ ಯಾರಿಗಾದರೂ ಹೀಗೆ ಆಗಿತ್ತಾ ಅಂತ ಕೇಳಿದರಂತೆ. ಇಲ್ಲ ಅಂದಳಂತೆ. ಆದರೆ ನಮ್ಮತ್ತೆಗೆ ಬಾಣಂತನದಲ್ಲಿ ಒಂದೇ ಕಾಲು ಹೀಗೇ ಊದಿತ್ತು. ತಿಂಗಳುಗಟ್ಟಲೆ ಎಣ್ಣೆ ತಿಕ್ಕಿದ್ದರಂತೆ. ಅವಳಿಗೆ ಇದು ಗೊತ್ತಿಲ್ಲ.

ಡಾಕ್ಟರ್: ಈಗಲೇ ಅವಳಿಗೆ ಫೋನ್ ಮಾಡಿ ಹೇಳಿ. ಅಲ್ಲಿನ ಡಾಕ್ಟರಿಗೆ ಅದು ಗೊತ್ತಾಗಲೇಬೇಕು. ಈ ಔಷಧಿ ಸಾಮಾನ್ಯವಾಗಿ ಮೂರು ತಿಂಗಳಾದರೂ ನಡೆಯುತ್ತದೆ, ಒಂದು ದಿನವೂ ತಪ್ಪಬಾರದು. ಅದರ ಜೊತೆ ಐಬುಪ್ರೊಫೇನ್ ತರಹದ ನೋವಿನ ಮಾತ್ರೆ ಕೇಳದೆ ನುಂಗುವುದು ಬೇಡ, ರಕ್ತಸ್ರಾವ ಆಗಬಹುದು. ಮನೆಯಲ್ಲಿ ಇನ್ನೊಬ್ಬಳು ಮಗಳಿದ್ದರೆ ಅವಳ ಡಾಕ್ಟರಿಗೂ ಅತ್ತೆಯವರ ಕಾಲಿನ ವಿಷಯ ತಿಳಿಸಿ.

ಸಕಲೇಶಪುರದ ತಾಯಿ: ಇದ್ದಾಳೆ ಡಾಕ್ಟ್ರೇ. ಪಿಯುಸಿ ಓದುತ್ತಿದ್ದಾಳೆ. ಬೆಳಗ್ಗೆ ನಿಮ್ಮ ಹತ್ತಿರ ಕರೆದುಕೊಂಡು ಬರುತ್ತೇನೆ.